ಸಾಮಾಯಿಕದಿಂದ ಎದ್ದ ಮೇಲೆ

ಶ್ರಾವಕನ ಶಿಕ್ಷಾವ್ರತಗಳಲ್ಲಿ ಸಾಮಾಯಿಕವೂ ಒಂದು. ಅದರ ರೂಢಿಯ ಅವಧಿ ಒಂದು ಮುಹೂರ್ತ, ಎಂದರೆ ಎರಡು ಘಳಿಗೆ. ಗಡಿಯಾರದ ಲೆಕ್ಕದಲ್ಲಿ 48 ನಿಮಿಷ. ಬೆಳಗಾವಿ ಜಿಲ್ಲೆಯ ಒಂದು ಸಣ್ಣ ಊರಿನ ಬಟ್ಟೆ ವ್ಯಾಪಾರಿಯೊಬ್ಬರು 22 ವರ್ಷಗಳಿಂದ ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಬಸದಿಯ ಟ್ರಸ್ಟಿನಲ್ಲಿ ಅವರಿಗೆ ಸ್ಥಾನವಿತ್ತು, ಸಮಾಜದಲ್ಲಿ ವ್ರತನಿಷ್ಠರೆಂಬ ಗೌರವವಿತ್ತು. ಮನೆಯಲ್ಲಿ ಮಾತ್ರ ಅವರೆಂದರೆ ಎಲ್ಲರಿಗೂ ಅಂಜಿಕೆ.

ಸೂರ್ಯಾಸ್ತದೊಳಗೆ ಊಟ ಮುಗಿಸಲು ಅವರು ಅಂಗಡಿಯಿಂದ ಮನೆಗೆ ಬರುತ್ತಿದ್ದರು. ಅಂಗಡಿಯಲ್ಲಿ 34 ವರ್ಷದ ಮಗನಿದ್ದರೂ ಗಲ್ಲಾಪೆಟ್ಟಿಗೆಯ ಕೀಲಿಕೈ ತಂದೆಯೊಡನೆಯೇ ಬರುತ್ತಿತ್ತು. ಅದನ್ನು ಗೋಡೆಯ ಗೂಡಿನೊಳಗೆ ಎಸೆಯುವ ಸಪ್ಪಳದಿಂದಲೇ ಅಂದಿನ ಸಂಜೆ ಹೇಗಿರುವುದೆಂದು ಧರ್ಮಪತ್ನಿ ಅಡಿಗೆಮನೆಯಲ್ಲಿ ನಿಂತು ಅಳೆಯುತ್ತಿದ್ದರು. ಸಪ್ಪಳ ಜೋರಾದ ದಿನ ಮನೆಯ ಯಾವ ವಿಷಯವನ್ನೂ ಎತ್ತುತ್ತಿರಲಿಲ್ಲ. ಮೊಮ್ಮಕ್ಕಳ ಲೆಕ್ಕ ಇನ್ನೊಂದು ಬಗೆಯದು. ಅಜ್ಜ ಸಾಮಾಯಿಕಕ್ಕೆ ಕುಳಿತಿರುವಷ್ಟು ಹೊತ್ತು ಬೈಗುಳವಿಲ್ಲವಾದುದರಿಂದ ಅವರಿಗೆ ಅದೇ ಆಟದ ವೇಳೆ. ಒಂದು ಸಂಜೆ ಅವರು ಆಸನದಿಂದ ಏಳುತ್ತಿದ್ದಂತೆ ಚಿಕ್ಕವಳು ಎದುರಿಗೆ ಬಂದು, “ಅಜ್ಜಾ, ಇನ್ನಾ ಸ್ವಲ್ಪ ಹೊತ್ತು ಕುಂದರ್ರಿ” ಎಂದು ಬೇಡಿಕೊಂಡಳು. ಮನೆಯವರು ನಗಲೂ ಅಂಜಿದರು.

ಅದೇ ವರ್ಷ ವೈದ್ಯರು ಪರೀಕ್ಷಿಸಿದಾಗ ರಕ್ತದೊತ್ತಡ 160/100 ಎಂದು ತಿಳಿದುಬಂದಿತು. ನಿತ್ಯ ಮಾತ್ರೆ, ಕಡಿಮೆ ಉಪ್ಪು, ನಡಿಗೆ, ಜೊತೆಗೆ ಸಿಟ್ಟಿನ ಮೇಲೆ ಹಿಡಿತ ಎಂದು ವೈದ್ಯರು ವಿಧಿಸಿದರು. ರಸತ್ಯಾಗದ ಅಭ್ಯಾಸವಿದ್ದ ಅವರಿಗೆ ಉಪ್ಪಿನಕಾಯಿ, ಹಪ್ಪಳಗಳನ್ನು ಬಿಡುವುದು ಕಷ್ಟವೆನಿಸಲಿಲ್ಲ. ನಾಲ್ಕನೆಯ ಮಾತನ್ನು ಮಾತ್ರ ಅವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಿತ್ಯ ಸಾಮಾಯಿಕ ಮಾಡುವವನಿಗೆ ಈ ಉಪದೇಶವೇಕೆ ಎಂಬುದು ಅವರ ಭಾವನೆ.

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ವಿವರಿಸುವುದು ವಾಡಿಕೆ. ಏಳನೆಯ ದಿನ ವ್ರತಗಳ ಅತಿಚಾರಗಳ ಪ್ರಸಂಗ ಬಂದಿತು. ಸಾಮಾಯಿಕದ ಅತಿಚಾರಗಳು ಐದು: ಮನಸ್ಸು, ಮಾತು, ದೇಹ ಈ ಮೂರನ್ನೂ ಸಲ್ಲದ ಕಡೆಗೆ ಹರಿಯಬಿಡುವುದು, ಅನಾದರ, ಮತ್ತು ಸ್ಮೃತ್ಯನುಪಸ್ಥಾನ. ಕಡೆಯದು ಮರೆವು, ಮಾಡುತ್ತಿರುವುದನ್ನು ಮಾಡುತ್ತಿದ್ದೇನೆಂಬ ಎಚ್ಚರ ತಪ್ಪುವುದು. ಇಂದು ಪಟ್ಟಣಗಳಲ್ಲಿ ಶಿಬಿರ ನಡೆಸಿ ಕಲಿಸುವ ಎಚ್ಚರದ ಅಭ್ಯಾಸವನ್ನು ನಮ್ಮ ಆಚಾರ್ಯರು ದೋಷದ ಪಟ್ಟಿಯ ಮೂಲಕವೇ ಸೂಚಿಸಿದ್ದಾರೆ. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಅದೇ ಅಧ್ಯಾಯವು ಪ್ರಮಾದದಿಂದಲೇ ಮಾತನ್ನು ಆರಂಭಿಸುತ್ತದೆ.

ಅಂದು ಸಂಜೆ ಅವರು ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ಕಾಯೋತ್ಸರ್ಗದಲ್ಲಿ ಒಂಬತ್ತು ಸಲ ಣಮೋಕಾರ ಮಂತ್ರ, ಒಂದೊಂದಕ್ಕೆ ಮೂರು ಉಸಿರಿನಂತೆ ಒಟ್ಟು 27 ಉಸಿರು ಎಂಬ ಕ್ರಮವುಂಟು. ನಿಶ್ಚಲವಾಗಿ ಕುಳಿತ ವಯಸ್ಕನ ಉಸಿರು ನಿಮಿಷಕ್ಕೆ ಸುಮಾರು 12ರಿಂದ 16 ಸಲ ಆಡುವುದರಿಂದ ಇದಕ್ಕೆ ಏನಿಲ್ಲವೆಂದರೂ ಎರಡು ನಿಮಿಷದ ಹತ್ತಿರ ಹಿಡಿಯಬೇಕು. ಅವರ ಒಂಬತ್ತು ಮಂತ್ರಗಳು ಒಂದು ನಿಮಿಷದೊಳಗೇ ಮುಗಿದಿದ್ದವು! ನಡುವೆ ಹುಬ್ಬಳ್ಳಿಯ ಸಗಟು ವ್ಯಾಪಾರಿಯ ಬಾಕಿಯೂ ನೆನಪಿಗೆ ಬಂದು ಹೋಗಿತ್ತು. 22 ವರ್ಷ ಪಾಲಿಸಿದ್ದು ಗಡಿಯಾರವನ್ನೋ ಸಮತೆಯನ್ನೋ ಎಂಬ ಪ್ರಶ್ನೆ ಆ ರಾತ್ರಿ ಅವರನ್ನು ಮಲಗಗೊಡಲಿಲ್ಲ.

ಒಂಬತ್ತನೆಯ ದಿನ ಸಮಿತಿಗಳ ವಿವರಣೆ. ಈರ್ಯೆ, ಭಾಷೆ, ಏಷಣೆ, ಆದಾನ-ನಿಕ್ಷೇಪಣ, ಉತ್ಸರ್ಗ ಎಂಬ ಐದೂ ಮುನಿಗಳಿಗೆ ವಿಹಿತವಾದವು. ಶಾಸ್ತ್ರವನ್ನಾಗಲಿ ಕಮಂಡಲುವನ್ನಾಗಲಿ ಎತ್ತುವಾಗ, ಇಡುವಾಗ ಸ್ಥಳವನ್ನು ನೋಡಿ, ಪಿಂಛಿಯಿಂದ ಮೆಲ್ಲಗೆ ಸವರಿ, ಸೂಕ್ಷ್ಮ ಜೀವಿಗೂ ನೋವಾಗದಂತೆ ನಡೆದುಕೊಳ್ಳುವುದು ಆದಾನ-ನಿಕ್ಷೇಪಣ. ಗೃಹಸ್ಥನಿಂದ ಇದರ ಪೂರ್ಣ ಪಾಲನೆ ಆಗಲಾರದು. ಹಾಗೆಂದು ಅಭ್ಯಾಸಕ್ಕೆ ಅಡ್ಡಿಯೇನಿಲ್ಲ. ಅವರು ಯಾರಿಗೂ ಹೇಳದೆ ಒಂದು ತಿಂಗಳ ನಿಯಮ ಮಾಡಿಕೊಂಡರು: ಚಾಳೀಸು, ಮೊಬೈಲು, ಅಳತೆಗೋಲು, ಕತ್ತರಿ, ನೀರಿನ ತಂಬಿಗೆ, ಏನನ್ನೇ ಎತ್ತಲಿ ಇಡಲಿ, ಕಣ್ಣು ಆ ವಸ್ತುವಿನ ಮೇಲಿರಬೇಕು.

ಸುಲಭವಾಗಿರಲಿಲ್ಲ. ಮೂರನೆಯ ದಿನವೇ ಬಟ್ಟೆಯ ಥಾನನ್ನು ಕೆಲಸದವನ ಮುಂದೆ ಎಸೆದು, ಆಮೇಲೆ ನೆನಪಾಗಿ ತಾವೇ ಎತ್ತಿಟ್ಟರು. ಆದರೆ ಒಂದು ಸಂಗತಿ ಅವರ ಗಮನಕ್ಕೆ ಬಂದಿತು. ಸಿಟ್ಟು ನಾಲಗೆಗೆ ಬರುವ ಮೊದಲು ಕೈಗೆ ಬರುತ್ತದೆ. ಬೆರಳು ಬಿಗಿಯುವುದು ತಿಳಿದರೆ ಮಾತಿಗೆ ಮುನ್ನ ಒಂದು ಉಸಿರಿನಷ್ಟು ಎಡೆ ಸಿಗುತ್ತದೆ. ಕೆಲವು ಸಲ ಅಷ್ಟೇ ಸಾಕಾಗುತ್ತಿತ್ತು, ಕೆಲವು ಸಲ ಸಾಲುತ್ತಿರಲಿಲ್ಲ. ರಾತ್ರಿಯ ಪ್ರತಿಕ್ರಮಣದಲ್ಲಿ ಅಂದು ಎಸೆದ ವಸ್ತುಗಳನ್ನು ಒಂದೊಂದಾಗಿ ನೆನೆಯುವುದು ರೂಢಿಯಾಯಿತು.

ಮಾತ್ರೆಯನ್ನು ಅವರು ಬಿಡಲಿಲ್ಲ. ಪರ್ವದ ಉಪವಾಸವನ್ನೂ ವೈದ್ಯರನ್ನು ಕೇಳಿಯೇ ಕೈಗೊಂಡಿದ್ದರು. ಉಪವಾಸದ ಉತ್ಸಾಹದಲ್ಲಿ ಔಷಧವನ್ನೂ ತಾವಾಗಿಯೇ ತ್ಯಜಿಸಿಬಿಡುವ ಹಿರಿಯರು ನಮ್ಮಲ್ಲಿ ಇಲ್ಲದಿಲ್ಲ. ಅದನ್ನು ತಪಸ್ಸೆನ್ನುವುದಕ್ಕಿಂತ ಪ್ರಮಾದವೆನ್ನುವುದೇ ಸರಿ. ಆರು ತಿಂಗಳ ಬಳಿಕ ರಕ್ತದೊತ್ತಡ 138/86ಕ್ಕೆ ಇಳಿದಿತ್ತು. ಇದರಲ್ಲಿ ಮಾತ್ರೆಯ ಪಾಲೆಷ್ಟು, ಉಪ್ಪು ಬಿಟ್ಟುದರ ಪಾಲೆಷ್ಟು, ಎಚ್ಚರದ ಪಾಲೆಷ್ಟು ಎಂಬುದನ್ನು ವೈದ್ಯರೂ ಬೇರ್ಪಡಿಸಿ ಹೇಳಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಧರ್ಮಪತ್ನಿ ಅಡಿಗೆಮನೆಯಿಂದ ಹೊರಬಂದು ಪಡಸಾಲೆಯಲ್ಲಿ ಅವರನ್ನು ಕಂಡು ಬೆಚ್ಚಿದರು. “ಯಾವಾಗ ಬಂದ್ರಿ? ಕೀಲಿಕೈ ಸಪ್ಪಳಾನ ಕೇಳಲಿಲ್ಲಲ್ಲ” ಎನ್ನುತ್ತ ಗೂಡಿನ ಕಡೆ ನೋಡಿದರು. ಗೂಡು ಬರಿದಾಗಿತ್ತು.

“ಅಂಗಡ್ಯಾಗ ಮಗನ ಕೈಯಾಗ ಕೊಟ್ಟು ಬಂದೇನಿ” ಎಂದು ಹೇಳಿ ಅವರು ಕೈಕಾಲು ತೊಳೆಯಲು ಹೋದರು. ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆಯಿತ್ತು.