ಫೋನಿಗೆ ಗೊತ್ತಿಲ್ಲದ ‘ಬರ್ಲಾಕತ್ತೀನಿ’

ಫೋನಿನಲ್ಲಿ ‘ಬರು’ ಎಂದು ಒತ್ತಿದರೆ ಸಾಕು, ‘ಬರುತ್ತೇನೆ’, ‘ಬರುತ್ತಿದ್ದೇನೆ’ ತಾವಾಗಿಯೇ ಬಂದು ಕೂರುತ್ತವೆ. ‘ಬರ್ಲಾಕತ್ತೀನಿ’ ಬೇಕೆಂದರೆ ಒಂದೊಂದೇ ಅಕ್ಷರ ಒತ್ತಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನಾವು ವಾಟ್ಸಾಪ್‌ನಲ್ಲಿ ದಿನಾ ಮಾಡುವ ಕೆಲಸ ಇದು. ಫೋನಿಗೆ ನಮ್ಮ ಮೇಲೆ ಸಿಟ್ಟೇನೂ ಇಲ್ಲ, ಅದು ಎಣಿಕೆ ನೋಡಿ ನಡೆಯುತ್ತದೆ.

ಇಂಥ ಕೀಲಿಮಣೆ ಮಾಡುವವರು ಬರಹಗಳನ್ನು ರಾಶಿ ಹಾಕಿ, ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಾರೆ. ಹೆಚ್ಚು ಸಲ ಬಂದದ್ದಕ್ಕೆ ಮುಂದಿನ ಸಾಲು. ಈ ಎಣಿಕೆಗೊಂದು ವಿಚಿತ್ರ ಕ್ರಮವಿದೆ. ಮೊದಲ ಸ್ಥಾನದ ಪದ 1000 ಸಲ ಬಂದರೆ ಎರಡನೆಯದು ಸುಮಾರು 500, ಮೂರನೆಯದು 333, ಹತ್ತನೆಯದು 100 ಸಲ. ಅಮೆರಿಕದ ಜಾರ್ಜ್ ಜಿಫ್ 1935 ಮತ್ತು 1949ರ ಪುಸ್ತಕಗಳಲ್ಲಿ ಇದನ್ನು ವಿವರಿಸಿದ್ದರಿಂದ ‘ಜಿಫ್ ನಿಯಮ’ ಎಂಬ ಹೆಸರು ಬಂತು. ಅವರಿಗೂ ಮೊದಲು ಇದನ್ನು ಗಮನಿಸಿದವರು ಎಸ್ತೂ ಎಂಬ ಫ್ರಾನ್ಸಿನ ಶೀಘ್ರಲಿಪಿಕಾರರು. ಮಂದಿ ಮಾತು ಬರೆದುಕೊಳ್ಳುವುದೇ ಕಸುಬಾದವರಿಗೆ ಕಾಣದೆ ಇನ್ಯಾರಿಗೆ ಕಂಡೀತು! ಪಟ್ಟಿಯ ಬಾಲ ಮಾತ್ರ ಬಲು ಉದ್ದ. ದೊಡ್ಡ ಪುಸ್ತಕವೊಂದರ ಬೇರೆ ಬೇರೆ ಪದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂದೇ ಸಲ ಬಂದಿರುತ್ತವೆ.

ಕನ್ನಡದಲ್ಲಂತೂ ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ ಎಲ್ಲವೂ ಯಂತ್ರಕ್ಕೆ ಬೇರೆ ಬೇರೆ ಪದ. ನಮ್ಮ ‘ಮನ್ಯಾಗ’, ‘ಮನಿಗಿ’ ಮತ್ತೂ ಬೇರೆ. ಸಾಲದ್ದಕ್ಕೆ ಒಬ್ಬರು ‘ಬರ್ಲಾಕತ್ತೀನಿ’ ಎಂದು ಬರೆದರೆ ಇನ್ನೊಬ್ಬರು ‘ಬರ್ಲಕತ್ತೀನಿ’, ಮತ್ತೊಬ್ಬರು ‘ಬರ್ಲತ್ತೀನಿ’. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಒಂದೇ ಮಾತು ಮೂರು ತುಂಡಾಗಿ, ಯಾವ ತುಂಡೂ ಪಟ್ಟಿಯಲ್ಲಿ ಮೇಲೇರುವುದಿಲ್ಲ.

ಟೈಪ್ ಮಾಡುವವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಓದು ಬಾರದ ಮುತ್ಯಾ ಫೋನಿಗೆ ಬಾಯಿಂದಲೇ ಕೇಳುತ್ತಾನೆ. ಯಂತ್ರ ಅವನ ಮಾತನ್ನು ತನಗೆ ಹೆಚ್ಚು ಗೊತ್ತಿರುವ ಪದದ ಕಡೆಗೆ ಎಳೆದುಕೊಂಡು ಹೋಗುತ್ತದೆ. ಅವನು ಕೇಳಿದ್ದೊಂದು, ಬಂದ ಉತ್ತರ ಇನ್ನೊಂದು.

ಇದರಲ್ಲಿ ನಮ್ಮ ಕಸುಬಿನ ಪಾಲೂ ಇದೆ. ಫರಸಿ ಗಣಿಯ ಕೂಲಿಯವರು ‘ಧೂಳಿಗಿ ದಮ್ಮ ಹತ್ತಲಾಕತ್ತದ’ ಅಂದರೆ, ಪತ್ರಿಕೆಯಲ್ಲಿ ಅದು ‘ಧೂಳಿನಿಂದ ಉಸಿರಾಟದ ತೊಂದರೆಯಾಗುತ್ತಿದೆ’ ಎಂದು ಅಚ್ಚಾಗುತ್ತದೆ. ಎಣಿಸುವ ಯಂತ್ರಕ್ಕೆ ಸಿಗುವುದು ಅಚ್ಚಾದ ಸಾಲು.

ಪಟ್ಟಿಯ ಹೊರಗಿರುವುದು ನಮ್ಮ ಸೀಮೆಗೆ ಹೊಸದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡೆಂದು ಹೆಸರಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಸೀಮೆಯನ್ನು. ಗ್ರಂಥ ಹುಟ್ಟಿದ ರಾಜಧಾನಿಯ ಹೆಸರು ಅದರಲ್ಲಿಲ್ಲ.

ನಮ್ಮ ವರದಿಗಳಲ್ಲಿ ಜನರ ಮಾತನ್ನು ಬಾಯಿಂದ ಬಂದಂತೆಯೇ ಬರೆಯುತ್ತಿದ್ದೇವೆ. ಯಾವ ಕಾಗುಣಿತ ಎಂಬುದಕ್ಕೆ ನಮ್ಮೊಳಗೇ ಜಗಳ. ಸದ್ಯಕ್ಕೆ ‘ಬರ್ಲಾಕತ್ತೀನಿ’ ಗೆದ್ದಿದೆ. ನಿಮ್ಮೂರಾಗ ಹ್ಯಾಂಗ ಬರೀತೀರಿ, ತಿಳಸ್ರಿ.