ಕೂಡಿ ಹೋಗಿ ಕೂಡಿ ಬಂದೆವು

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಭೂಗೋಲ ಕಲಿಸಿದ ನನ್ನ ಗೆಳೆಯನಿಗೆ ಒಂದು ಕೊರಗಿತ್ತು. ಗೋಡೆಗೆ ತೂಗುಹಾಕಿದ ಭಾರತದ ನಕಾಶೆಯ ಮೇಲೆ ಬೆತ್ತದ ತುದಿಯನ್ನು ಎಲ್ಲಕ್ಕೂ ಮೇಲಕ್ಕೆ ಒಯ್ದು, “ಇದು ಲಡಾಖ್. ಶೀತ ಮರುಭೂಮಿ. ಇಲ್ಲಿ ಮಳೆ ಇಲ್ಲ, ಮರ ಇಲ್ಲ” ಎಂದು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತ ಬಂದವನು ಆತ. ಆದರೆ ಆ ನೆಲವನ್ನು ಒಮ್ಮೆಯೂ ಕಂಡವನಲ್ಲ. “ನೋಡದ ಊರಿನ ಸಾಕ್ಷಿ ಹೇಳಿಕೋತ ಹೊಟ್ಟಿ ತುಂಬಿಸಿಕೊಂಡೆ ನೋಡು” ಎಂದು ನಗುತ್ತಿದ್ದ. ಆ ನಗೆಯ ಹಿಂದೆ ಆಸೆಯಿತ್ತೆಂಬುದು ನನಗೆ ತಿಳಿದಿತ್ತು.

ನಾವಿಬ್ಬರೂ ಧಾರವಾಡದ ಒಂದೇ ಓಣಿಯಲ್ಲಿ ಬೆಳೆದವರು. ಒಂದನೆಯ ಇಯತ್ತೆಯಿಂದ ಒಂದೇ ಹಲಗೆಯ ಮೇಲೆ ಕುಳಿತವರು. ಅವನು ಶಿಕ್ಷಕನಾದ, ನಾನು ಬ್ಯಾಂಕು ಸೇರಿದೆ. ಇಬ್ಬರೂ ನಿವೃತ್ತರಾದ ಮೇಲೆ ಅವನ ಆಸೆಗೆ ಕಾಲ ಕೂಡಿಬಂದಿತು. ಅವನ ಮಗ ಚಂಡೀಗಢದಲ್ಲಿ ನೌಕರಿಯಲ್ಲಿದ್ದಾನೆ. 2023ರ ಜೂನ್ ತಿಂಗಳಲ್ಲಿ ಮಗನ ಕಾರನ್ನು ತೆಗೆದುಕೊಂಡು ಮನಾಲಿಯ ಮೇಲಿಂದ ಲೇಹ್‌ಗೆ, ಅಲ್ಲಿಂದ ನುಬ್ರಾ ಕಣಿವೆಯ ಮರಳುಗಾಡಿಗೆ ಹೋಗಿಬರುವುದೆಂದು ನಿಶ್ಚಯಿಸಿದೆವು. ಕಾರು ನಡೆಸಲು ಇಬ್ಬರಿಗೂ ಬರುತ್ತಿತ್ತು. ಖರ್ಚುವೆಚ್ಚದ ಲೆಕ್ಕ, ವಸತಿಯ ವ್ಯವಸ್ಥೆ ಎಲ್ಲವೂ ಸಹಜವಾಗಿಯೇ ನನ್ನ ಪಾಲಿಗೆ ಬಂದವು.

ಹೊರಡುವ ದಿನ ಅತ್ತಿಗೆಯವರು ಕಟಕ ರೊಟ್ಟಿ, ಶೇಂಗಾ ಹಿಂಡಿಗಳ ಗಂಟನ್ನು ನನ್ನ ಕೈಗೆ ಕೊಟ್ಟು ಒಂದೇ ಮಾತು ಹೇಳಿದರು: “ಇಬ್ಬರೂ ಕೂಡಿ ಹೊಂಟೀರಿ, ಇಬ್ಬರೂ ಕೂಡಿ ಬರ್ರಿ.” ನಾನು ನಕ್ಕು ತಲೆಯಾಡಿಸಿದೆ. ಹೊರಡುವವರಿಗೆ ಎಲ್ಲರೂ ಹೇಳುವ ಮಾತೆಂದು ಆಗ ಎಣಿಸಿದ್ದೆ.

ಮನಾಲಿ ಸಮುದ್ರಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮುಂದೆ ಮೊದಲೆಲ್ಲ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗವನ್ನು ಹತ್ತಿ ಇಳಿಯಬೇಕಿತ್ತು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಅಟಲ್ ಸುರಂಗ ಆ ಪ್ರಯಾಸವನ್ನು ತಪ್ಪಿಸಿದೆ. ಒಂಬತ್ತು ಕಿಲೋಮೀಟರ್ ಉದ್ದದ ಈ ಸುರಂಗದ ಒಂದು ಬಾಯಲ್ಲಿ ದೇವದಾರು ಮರಗಳು, ಹಸಿರು, ತುಂತುರು ಹನಿ; ಇನ್ನೊಂದು ಬಾಯಿಂದ ಹೊರಬಿದ್ದರೆ ಬೋಳು ಬೆಟ್ಟ, ಒಣಗಾಳಿ, ಕಣ್ಣು ಕುಕ್ಕುವ ಬಿಸಿಲು. ನನ್ನ ಗೆಳೆಯ ಕಾರು ನಿಲ್ಲಿಸಿ ಕೆಳಗಿಳಿದ. “ನೋಡಪಾ, ಮಾನ್ಸೂನ್ ಮಾರುತಾನ ಹಿಮಾಲಯ ತಡೀತದ ಅಂತ ಪಾಠ ಮಾಡತಿದ್ನೆಲ್ಲ, ಅದು ಇದ!” ಎಂದ. ಅವನ ದನಿ ಗದ್ಗದಿತವಾಗಿತ್ತು. ಮುಂದೆ ತಾಂಡಿ ಎಂಬಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡಿ ಚಂದ್ರಭಾಗಾ ಆಗುವುದನ್ನು, ಅದೇ ನದಿ ಕೆಳಗೆ ಹರಿದು ಚಿನಾಬ್ ಎನಿಸುವುದನ್ನು ಆತ ದಂಡೆಯ ಮೇಲೆ ನಿಂತು ನನಗೊಬ್ಬನಿಗೇ ಪಾಠ ಮಾಡಿದ.

ಆ ರಾತ್ರಿ 3,080 ಮೀಟರ್ ಎತ್ತರದ ಕೀಲಾಂಗ್‌ನಲ್ಲಿ ತಂಗಿದೆವು. ಊಟದ ಹೊತ್ತಿಗೆ ಅವನು ಅರ್ಧ ರೊಟ್ಟಿಯನ್ನೂ ಮುಗಿಸಲಿಲ್ಲ. “ತಲಿ ಸ್ವಲ್ಪ ಜಡ ಆಗೇದ. ಇಲ್ಲೇ ಒಂದು ದಿನ ಹೆಚ್ಚಿಗಿ ಇದ್ದು ಹೋಗೂಣೇನು?” ಎಂದು ಕೇಳಿದ.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಬರೆಯಬೇಕು. ಲೇಹ್‌ನ ವಸತಿಗೃಹಕ್ಕೆ ನಾನು ಮುಂಗಡ ಹಣ ಕಟ್ಟಿದ್ದೆ. ಒಂದು ದಿನ ತಡವಾದರೆ 4,600 ರೂಪಾಯಿ ಹೋಗುತ್ತಿತ್ತು. ಲೆಕ್ಕದ ವಹಿಯನ್ನು ತೆಗೆದು ಅವನ ಮುಂದೆ ಹಿಡಿದೆ. “ಪ್ರವಾಸದ ದಣಿವು ಇದ್ದೀತು, ಮಲಗಿ ಎದ್ದರ ಸರಿಹೋಗತದ” ಎಂದೆ. ಅವನು ವಹಿಯನ್ನು ನೋಡಿ, “ಆತು ಬಿಡು” ಎಂದು ಮಲಗಿದ.

ಮರುದಿನ ದಾರ್ಚಾ, ಜಿಂಗ್‌ಜಿಂಗ್‌ಬಾರ್‌ಗಳನ್ನು ದಾಟಿ, ಸೂರಜ್‌ತಾಲ್ ಎಂಬ ಸರೋವರದ ಬದಿಯಿಂದ ಬಾರಾಲಾಚಾ ಲಾ ಏರಿದೆವು. ಆ ಕಡೆಯ ಭಾಷೆಯಲ್ಲಿ ‘ಲಾ’ ಎಂದರೆ ಬೆಟ್ಟ ದಾಟುವ ಕಣಿವೆಮಾರ್ಗ. ಅದರ ಎತ್ತರ ಸುಮಾರು 4,890 ಮೀಟರ್. ರಸ್ತೆಯ ಎರಡೂ ಬದಿಗೆ ಆಳೆತ್ತರದ ಹಿಮದ ಗೋಡೆಗಳಿದ್ದವು. ಗಡಿ ರಸ್ತೆಗಳ ಸಂಸ್ಥೆ ಕಾಯುವ ಈ ದಾರಿಯಲ್ಲಿ ಜಾರ್ಖಂಡದ ಕಡೆಯಿಂದ ಬಂದ ಹುಡುಗರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕಲ್ಲು ಒಡೆಯುತ್ತಿದ್ದರು. ನಾವು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವ ಎಡೆಯಲ್ಲಿ ಅವರ ಕಾಯಕ ನಡೆದಿತ್ತು. ಅವರು ತೆರವು ಮಾಡಿದ ದಾರಿಯಲ್ಲಿ ನಾವು ವಿಹಾರಕ್ಕೆ ಹೊರಟಿದ್ದೇವೆಂದು ನನಗೆ ನಾಚಿಕೆಯೆನಿಸಿತು. ಗೆಳೆಯ ಏನೂ ಮಾತಾಡಲಿಲ್ಲ. ಇಷ್ಟು ವರ್ಷದ ಕನಸು ಕೈಗೂಡಿದ ಆನಂದಕ್ಕೆ ಮೂಕನಾಗಿದ್ದಾನೆಂದು ನಾನು ಭಾವಿಸಿದೆ.

ಸಂಜೆಗೆ ಸರ್ಚು ತಲುಪಿದೆವು. ಹಿಮಾಚಲ ಮತ್ತು ಲಡಾಖ್‌ಗಳ ಗಡಿಯಲ್ಲಿರುವ ವಿಶಾಲ ಬಯಲದು. ಬೇಸಿಗೆಯಲ್ಲಿ ಮಾತ್ರ ಅಲ್ಲಿ ಪ್ರವಾಸಿಗರಿಗಾಗಿ ಡೇರೆಗಳು ಏಳುತ್ತವೆ. ಎತ್ತರ ಸುಮಾರು 4,290 ಮೀಟರ್. ಅಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕೆ ಹೋಲಿಸಿದರೆ ನೂರಕ್ಕೆ ಅರುವತ್ತರಷ್ಟು. ಪ್ರತಿ ಉಸಿರಿಗೂ ದೇಹಕ್ಕೆ ದೊರೆಯುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಂತು ವಿಶ್ರಮಿಸಬೇಕು ಎಂಬುದು ವೈದ್ಯರ ಸೂತ್ರ. ನಾವು ಒಂದೇ ದಿನಕ್ಕೆ 1,200 ಮೀಟರ್ ಏರಿದ್ದೆವು. ಇದೆಲ್ಲವನ್ನೂ ನಾನು ಕಲಿತದ್ದು ಆಮೇಲೆ.

ನಡುರಾತ್ರಿ ಎಚ್ಚರವಾದಾಗ ಪಕ್ಕದ ಹಾಸಿಗೆ ಬರಿದಾಗಿತ್ತು. ಹೊರಗೆ ಹೋಗಿ ಕಂದೀಲು ಹಿಡಿದು ನೋಡಿದರೆ ಗೆಳೆಯ ಡೇರೆಯ ಹಗ್ಗ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಾನೆ. ಒಳಗೆ ಕರೆತರಹೋದರೆ ಕುಡಿದವನಂತೆ ತೂರಾಡಿದ. ನನ್ನ ಮುಖವನ್ನೇ ದಿಟ್ಟಿಸಿ, “ಗಂಟಿ ಹೊಡೀತೇನು? ಹುಡುಗರು ಒಳಗ ಬಂದ್ರೇನು?” ಎಂದು ಕೇಳಿದ. ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು.

ಡೇರೆಯ ಯಜಮಾನ ಲಾಹೌಲದ ಹಿರಿಯ. ಎದ್ದು ಬಂದವನೇ ಗೆಳೆಯನನ್ನು ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನೇರವಾಗಿ ನಡೆಯಲು ಹೇಳಿದ. ಎರಡನೆಯ ಹೆಜ್ಜೆಗೇ ಗೆಳೆಯ ಪಕ್ಕಕ್ಕೆ ವಾಲಿದ. ಯಜಮಾನ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ: ಎತ್ತರ ಇವರ ಮಿದುಳಿಗೆ ತಾಗಿದೆ, ಬೆಳಗಿನವರೆಗೆ ಕಾಯಬೇಡಿ, ಈಗಲೇ ಕೆಳಗಿಳಿಸಿ.

ಆದರೆ ಇಳಿಯುವುದೆಲ್ಲಿಗೆ? ಸರ್ಚುವಿನ ಇಕ್ಕಟ್ಟು ಇದೇ. ಮುಂದೆ ಲೇಹ್ ಕಡೆಗೆ ಹೋದರೆ ಲಾಚುಲುಂಗ್ ಲಾ, ತಾಂಗ್‌ಲಾಂಗ್ ಲಾ ಮುಂತಾದ ಐದು ಸಾವಿರ ಮೀಟರ್ ಮೀರಿದ ಏರುಗಳು. ಹಿಂದಕ್ಕೆ ಹೋದರೂ ಬಾರಾಲಾಚಾವನ್ನು ಮತ್ತೊಮ್ಮೆ ಹತ್ತದೆ ಇಳಿಯುವಂತಿಲ್ಲ. ಹಿಂದೆ ಒಂದೇ ಏರು, ಅನಂತರ ಪೂರ್ತಿ ಇಳಿಜಾರು. ಸುಮಾರು ನೂರು ಕಿಲೋಮೀಟರಿಗೆ ಕೀಲಾಂಗ್‌ನ ಆಸ್ಪತ್ರೆ. ಹಿಂದಕ್ಕೇ ಎಂದು ಯಜಮಾನ ತೀರ್ಮಾನಿಸಿದ. ನನ್ನ ಕೈ ನಡುಗುವುದನ್ನು ಕಂಡು, ಡೇರೆಯಲ್ಲಿ ಕೆಲಸಕ್ಕಿದ್ದ ತನ್ನ ತಮ್ಮನ ಮಗನನ್ನೇ ಚಾಲಕನಾಗಿ ಕೂರಿಸಿದ. ತನ್ನಲ್ಲಿದ್ದ ಆಮ್ಲಜನಕದ ಸಿಲಿಂಡರನ್ನು ಒಳಗಿಟ್ಟ. ಹಗಲಿನ ಬಿಸಿಲಿಗೆ ಹಿಮ ಕರಗಿ ರಸ್ತೆಯ ಮೇಲೆ ರಭಸದಿಂದ ಹರಿಯುವ ತೊರೆಗಳು ರಾತ್ರಿ ಹೆಪ್ಪುಗಟ್ಟಿ ಸಣ್ಣವಾಗಿರುತ್ತವೆ, ಅದೊಂದು ಅನುಕೂಲ ಎಂದು ಧೈರ್ಯ ಹೇಳಿದ.

ಎರಡು ಗಂಟೆಗೆ ಹೊರಟೆವು. ಹಿಂದಿನ ಆಸನದಲ್ಲಿ ಗೆಳೆಯನ ತಲೆಯನ್ನು ಭುಜಕ್ಕೆ ಆನಿಸಿಕೊಂಡು, ಮುಖವಾಡ ಜಾರದಂತೆ ಹಿಡಿದು ಕುಳಿತೆ. ದೀಪದ ಬೆಳಕಿಗೆ ಹಿಮದ ಗೋಡೆಗಳು ಬಂದು ಬಂದು ಹಿಂದೆ ಸರಿಯುತ್ತಿದ್ದವು. ಅತ್ತಿಗೆಯವರ ಮಾತು ಕಿವಿಯಲ್ಲಿ ಮೊಳಗುತ್ತಿತ್ತು. 4,600 ರೂಪಾಯಿ! ಬ್ಯಾಂಕಿನಲ್ಲಿ ಸಾವಿರಾರು ಜನರಿಗೆ ಸಾಲ ಕೊಡುವಾಗ ಯಾವುದರ ಬೆಲೆ ಎಷ್ಟೆಂದು ತೂಗಿ ನೋಡಿದವನು ನಾನು. ಅರವತ್ತು ವರ್ಷದ ಗೆಳೆತನವನ್ನು ತೂಗಲು ಮರೆತಿದ್ದೆ. ಬಾರಾಲಾಚಾದ ನೆತ್ತಿಯಲ್ಲಿ ಆತ ಒಮ್ಮೆ ಕಣ್ಣು ತೆರೆದು, “ಲೇಹ್ ಇನ್ನೆಷ್ಟು ದೂರ ಅದ?” ಎಂದ. ಸಮೀಪ ಬಂತು ಎಂದು ಸುಳ್ಳು ಹೇಳಿದೆ.

ದಾರ್ಚಾ ಹತ್ತಿರ ಬೆಳಕು ಹರಿಯಿತು. ಗೆಳೆಯ ತಲೆಯೆತ್ತಿ ಹೊಳೆಯನ್ನು ನೋಡಿ, “ಇದು ಭಾಗಾ ನದಿ. ನಾವು ತಿರುಗಿ ಹೊಂಟೇವಿ” ಎಂದ. ಆ ಕ್ಷಣದ ನನ್ನ ಸಂತೋಷವನ್ನು ಹೇಗೆ ಬಣ್ಣಿಸಲಿ! ಅವನ ಭೂಗೋಲ ಅವನಿಗೆ ಮರಳಿ ಬಂದಿತ್ತು.

ಕೀಲಾಂಗ್‌ನ ವೈದ್ಯರು ಚುಚ್ಚುಮದ್ದು ಕೊಟ್ಟು ಎರಡು ದಿನ ಆಮ್ಲಜನಕದ ಮೇಲಿಟ್ಟರು. ಮಿದುಳಿನಲ್ಲಿ ಬಾವು ಕಾಣಿಸಿಕೊಳ್ಳತೊಡಗಿತ್ತು, ಕೆಳಗಿಳಿದದ್ದೇ ಮೊದಲ ಔಷಧ ಎಂದರು. ಕರೆತಂದ ಹುಡುಗ ಊರಿಗೆ ಮರಳುವ ದಾರಿಖರ್ಚನ್ನಷ್ಟೇ ತೆಗೆದುಕೊಂಡು ಹೊರಟುಹೋದ. ಮಂಚದ ಬಳಿ ಕುಳಿತು ನಾನು ಕ್ಷಮೆ ಕೇಳಿದೆ. ಗೆಳೆಯ ಬಹಳ ಹೊತ್ತು ಸುಮ್ಮನಿದ್ದು, “ಬಾರಾಲಾಚಾದಾಗ ಕಾರಿನ ಹಿಂದ ನಿಂತು ವಾಂತಿ ಮಾಡಿಕೊಂಡೆ. ನೀ ನೋಡಲಿಲ್ಲ, ನಾ ಹೇಳಲಿಲ್ಲ. ಹೇಳಿದ್ರ ತಿರುಗಿ ಕರಕೊಂಡು ಹೋಗ್ತಿ ಅಂತ ಅಂಜಿಕಿ ಇತ್ತು” ಎಂದ.

ಲಡಾಖ್‌ನ ಹೊಸ್ತಿಲ ತನಕ ಹೋಗಿ ನಾವು ಹಿಂದಿರುಗಿದೆವು. ಧಾರವಾಡದಲ್ಲಿ ಅತ್ತಿಗೆಯವರ ಮುಂದೆ ನಡೆದದ್ದನ್ನೆಲ್ಲ, ಹಣದ ಮಾತನ್ನೂ ಬಿಡದೆ, ಒಪ್ಪಿಸಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ನೀವು ಲೆಕ್ಕ ನೋಡಿದ್ರಿ, ಇವರು ಬಾಯಿ ಮುಚ್ಚಿದ್ರು. ಇಬ್ಬರ ತಪ್ಪೂ ಸರಿಸಮ ಆತು” ಎಂದರು. ಆಮೇಲೆ, “ಆ ಊರು ನೋಡದ ಇವರಿಗೆ ಸಮಾಧಾನ ಇಲ್ಲ. ಮತ್ತ ಹೋಗ್ರಿ, ಆದ್ರ ಸಾವಕಾಶ ಹೋಗ್ರಿ” ಎಂದೂ ಸೇರಿಸಿದರು.

ವೈದ್ಯರ ಪರೀಕ್ಷೆ, ಸಲಹೆ, ಅವರು ಬರೆದುಕೊಟ್ಟ ಮಾತ್ರೆಗಳೊಂದಿಗೆ 2024ರ ಜೂನ್‌ನಲ್ಲಿ ಮತ್ತೆ ಹೊರಟೆವು. ಈ ಸಲ ಶ್ರೀನಗರದ ದಾರಿ. ಜೋಜಿ ಲಾ ದಾಟಿದರೂ ಮಲಗುವುದು 2,676 ಮೀಟರ್ ಎತ್ತರದ ಕಾರ್ಗಿಲ್‌ನಲ್ಲಿ. ದೇಹಕ್ಕೆ ಒಗ್ಗಿಕೊಳ್ಳಲು ಅವಕಾಶ ಸಿಗುತ್ತದೆ. ಅಲ್ಲಿ ಎರಡು ರಾತ್ರಿ, 3,500 ಮೀಟರಿನ ಲೇಹ್‌ನಲ್ಲಿ ನಾಲ್ಕು ರಾತ್ರಿ ನಿಂತೆವು. ಲೆಕ್ಕದ ವಹಿಯ ಮೊದಲ ಸಾಲಿನಲ್ಲಿಯೇ ‘ವಿಶ್ರಾಂತಿ’ ಎಂದು ಬರೆದಿದ್ದೆ. ಬೆಳಿಗ್ಗೆ, ಸಂಜೆ ಒಬ್ಬರನ್ನೊಬ್ಬರು ‘ತಲಿ ಹೆಂಗದ?’ ಎಂದು ಕೇಳುವುದು, ಸುಳ್ಳು ಹೇಳದೆ ಉತ್ತರಿಸುವುದು ನಮ್ಮ ಕರಾರು. ಅನಂತರವೇ ಖಾರ್ದುಂಗ್ ಲಾ ಏರಿ, ಮೇಲೆ ಹೆಚ್ಚು ಹೊತ್ತು ನಿಲ್ಲದೆ, ನುಬ್ರಾ ಕಣಿವೆಯ ಹುಂಡರ್ ಗ್ರಾಮಕ್ಕೆ ಇಳಿದೆವು.

ಹಿಮ ಹೊದ್ದ ಬೆಟ್ಟಗಳ ಬುಡದಲ್ಲಿ ಮರಳಿನ ದಿನ್ನೆಗಳು! ಅವುಗಳ ಮೇಲೆ ಎರಡು ಡುಬ್ಬದ ಒಂಟೆಗಳು. ಹಿಂದೆ ಲೇಹ್‌ನಿಂದ ಯಾರ್ಕಂದದ ಕಡೆಗೆ ಹೋಗುತ್ತಿದ್ದ ವ್ಯಾಪಾರದ ತಂಡಗಳು ಇಂಥ ಒಂಟೆಗಳನ್ನು ಬಳಸುತ್ತಿದ್ದವು. ಆ ವ್ಯಾಪಾರ ನಿಂತರೂ ಅವುಗಳ ಸಂತತಿ ಉಳಿದಿದೆ. ಗೆಳೆಯ ಪಾದರಕ್ಷೆ ಕಳಚಿ ಮರಳಿನ ಮೇಲೆ ನಿಂತ. ಬಹಳ ಹೊತ್ತು ನಿಂತೇ ಇದ್ದ.

ಸಂಜೆ ಊರೊಳಗೆ ನಡೆದಾಡಿದೆವು. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್ ಮಾತ್ರ. ಆದರೂ ಈ ನಾಡಿನ ಹಳ್ಳಿಗಳಲ್ಲಿ ಜವೆಗೋಧಿಯ ಹೊಲಗಳಿವೆ, ಜರ್ದಾಳು ಹಣ್ಣಿನ ತೋಟಗಳಿವೆ. ಹಿಮ ಕರಗಿದ ನೀರನ್ನು ಸಣ್ಣ ಕಾಲುವೆಗಳಲ್ಲಿ ತಂದು ಹೊಲದಿಂದ ಹೊಲಕ್ಕೆ ಸರದಿಯಂತೆ ಹರಿಸುತ್ತಾರೆ. ಸರದಿ ತಪ್ಪದಂತೆ ನೋಡಿಕೊಳ್ಳಲು ಊರಿನವರೇ ‘ಚುರ್ಪೋನ್’ ಎಂಬವನನ್ನು ನೇಮಿಸುವುದು ಹಳೆಯ ರೂಢಿ. ಚಳಿಗಾಲದ ನೀರನ್ನು ಹಿಮವಾಗಿ ಕಟ್ಟಿ ಬಿತ್ತನೆಯ ಕಾಲಕ್ಕೆ ಒದಗಿಸುವ ಕೃತಕ ಹಿಮನದಿಗಳನ್ನು ರೂಪಿಸಿದ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಅವರು ಈ ನಾಡಿನವರೇ. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕಾಲುವೆಯ ದಂಡೆಯ ಮೇಲೆ ಕುಳಿತು ಗೆಳೆಯ ಹೇಳಿದ: “ಮೂವತ್ತೊಂದು ವರ್ಷ ಹುಡುಗರಿಗೆ ತಪ್ಪು ಹೇಳಿದೆ. ಇಲ್ಲಿ ಮರ ಇಲ್ಲ ಅಂದೆ. ಅದ ನೋಡು, ಎಣಿಸಿ ಎಣಿಸಿ ಬೆಳೆಸ್ಯಾರ.”

ನಮ್ಮ ಮನೆಗಳಿಂದ ಕೇದಾರಕ್ಕೆ, ಅಮರನಾಥಕ್ಕೆ, ಕೈಲಾಸ ಮಾನಸ ಸರೋವರಕ್ಕೆ ಹಿರಿಯರು ಹೋಗುತ್ತಿರುತ್ತಾರೆ. ಎಲ್ಲವೂ ಎತ್ತರದ ಎಡೆಗಳೇ. ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಹೊರಡುವ ಮುನ್ನ ವೈದ್ಯರನ್ನು ಕಾಣಿರಿ. ಏರುವಾಗ ಅವಸರ ಬೇಡ. ತಲೆನೋವು, ವಾಕರಿಕೆ ಬಂದರೆ ಸಂಗಡಿಗರಿಗೆ ಹೇಳಿರಿ, ಮೇಲಕ್ಕೆ ಹೋಗಬೇಡಿರಿ. ಹೆಜ್ಜೆ ತಪ್ಪಿದರೆ, ಮಾತು ತೊದಲಿದರೆ ಆ ಕ್ಷಣವೇ ಕೆಳಗಿಳಿಯಿರಿ. ಕಟ್ಟಿದ ಹಣ ಹೋದರೆ ಹೋಗಲಿ.

ನಾವು ಮನೆ ಸೇರಿದಾಗ ಅತ್ತಿಗೆಯವರು ಬಾಗಿಲಲ್ಲಿಯೇ ನಿಂತಿದ್ದರು. ಏನನ್ನೂ ಕೇಳದೆ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಕಾಲಿಗೆ ನೀರು ತರಲು ಒಳಗೆ ಹೋದರು.