ಜೇಸನ್ನನ ಅವ್ವ

ನಮ್ಮನ್ಯಾಗ ದೆವ್ವದ ಸಿನಿಮಾ ನೋಡೋ ಚಟ ಮಗಂದು. ನಾನು ಬಾಜೂಕ ಕುಂತು ಚವಳಿಕಾಯಿ ಸೋಸಾಕಿ, ಕಣ್ಣು ಮಾತ್ರ ಟಿವಿ ಮ್ಯಾಲ. ಹಿಂಗ 'ಫ್ರೈಡೇ ದ ಥರ್ಟೀನ್ತ್' ಅನ್ನೋ ಅಮೆರಿಕಾದ ಸರಣಿ ಪೂರಾ ಆತು. 12 ಸಿನಿಮಾ ನೋಡ್ರಿ! ಹಾಕಿ ಆಟದ ಗೋಲ್‌ಕೀಪರನ ಮುಖವಾಡ ಕಟಗೊಂಡು, ಮಚ್ಚು ಹಿಡಕೊಂಡು, ಮಾತಿಲ್ಲದ ಕಡಕೋತ ಹೋಗೋ ಜೇಸನ್ ಯಾರಿಗೆ ಗೊತ್ತಿಲ್ಲ?

ಆದ್ರ 1980ರ ಮೊದಲನೇ ಸಿನಿಮಾದಾಗ ಕೊಲಿ ಮಾಡಾಂವ ಅಂವ ಅಲ್ಲ, ಅವರವ್ವ. ಹೆಸರು ಪಮೆಲಾ. ಕೆರಿ ದಂಡ್ಯಾಗ ಹುಡುಗೂರ ಬ್ಯಾಸಗಿ ಶಿಬಿರದಾಗ ಅಡಗಿ ಮಾಡೋ ಹೆಂಗಸು. ಹುಡುಗೂರನ್ನ ಕಾಯಬೇಕಾದವರು ತಮ್ಮ ಚೆಲ್ಲಾಟದಾಗ ಇದ್ರು, ಅಕಿ ಮಗಾ ನೀರಾಗ ಮುಳಗಿದ. ಆ ಸಂಕಟಕ್ಕ ತಲಿ ಕೆಟ್ಟು ಕೈಯಾಗ ಚಾಕು ಹಿಡದ್ಲು. ಮಾಡಿದ್ದು ಖರೇನ ಪಾಪ. ಆದ್ರ ಯಾಕ ಮಾಡಿದ್ಲು ಅನ್ನೋದು ತಿಳಿತೈತಿ.

1981ರ ಎರಡನೇ ಭಾಗದಾಗ, ಸತ್ತಾನಂದ ಮಗಾ ದೊಡ್ಡಾಂವಾಗಿ ತಲಿಗೆ ಚೀಲಾ ಹಾಕ್ಕೊಂಡು ಬರ್ತಾನ. ಅಲ್ಲೆ ಒಬ್ಬ ಹುಡುಗಿ ಅವರವ್ವನ ಸ್ವೆಟರ್ ತೊಟ್ಟು ಅವ್ವನಂಗ ಮಾತಾಡ್ತಾಳ. ಅಂವ ಕೂಸಿನಂಗ ಸುಮ್ನ ನಿಂದರ್ತಾನ. ನನ್ನ ಕೈ ಚವಳಿಕಾಯಿ ಮ್ಯಾಲ ಹಂಗ ನಿಂತು ಹೋತು.

ಮುಂದ 1982ಕ್ಕ ಮುಖವಾಡ ಬಂತು. 1986ಕ್ಕ ಗೋರಿಯೊಳಗಿನ ಹೆಣಕ್ಕ ಸಿಡ್ಲು ಬಡದು ಎದ್ದ. ಆಮ್ಯಾಲ ಸಾಯೋ ಮಾತ ಇಲ್ಲ. 1989ಕ್ಕ ನ್ಯೂಯಾರ್ಕ್ ನೋಡಿ ಬಂದ. ಹತ್ತನೇದ್ರಾಗಂತೂ ಆಕಾಶನೌಕಿ, ಲೋಹದ ಮೈ! 2003ಕ್ಕ ಬ್ಯಾರೆ ಸರಣಿಯ ಫ್ರೆಡ್ಡಿ ಜೋಡಿ ಕುಸ್ತಿ. ನನ್ನ ಮಗಾ ಇವನ ಕಡೆ ಸೀಟಿ ಹೊಡದ.

ಹಿಂಗ್ಯಾಕ ಆಗತೈತಿ? ಮುಂದಿನ ಸಿನಿಮಾ ಬೇಕಂದ್ರ ಕೊಲೆಗಾರ ಸಾಯಬಾರದು, ದೂರಿಂದ ಗುರ್ತು ಸಿಗಬೇಕು. ಮುಖವಾಡ ಪೋಸ್ಟರ್ ಮ್ಯಾಲ ಕೂಡತೈತಿ, ದುಃಖ ಕೂಡೂದಿಲ್ಲ. ಅದೂ ಅಲ್ಲದ ಮಗಾ ಜೀವಂತ ಬಂದ ಮ್ಯಾಲ ಅವ್ವ ಅತ್ತದ್ದಕ್ಕ ಅರ್ಥ ಎಲ್ಲೆ ಉಳೀತು? 1996ರ 'ಸ್ಕ್ರೀಮ್' ಸಿನಿಮಾದಾಗ ಫೋನ್ ಮ್ಯಾಲ ಒಬ್ಬ ಕೊಲೆಗಾರ ಇದನ್ನ ಕೇಳ್ತಾನ: ಮೊದಲನೇದ್ರಾಗ ಕೊಂದವರು ಯಾರು? ಹುಡುಗಿ ಜೇಸನ್ ಅಂತಾಳ. ತಪ್ಪು. ಅವ್ವನ್ನ ಮರತಿದ್ಲು.

ನಮ್ಮ ತವರೂರ ಕೆರ್ಯಾಗೂ ಒಬ್ಬ ಹುಡುಗ ಮುಳಗಿದ್ದ, ನಾ ಸಣ್ಣಾಕಿದ್ದಾಗ. ಮೊದಲನೇ ವರ್ಷಾ ಎಲ್ಲಾರೂ ಅವರವ್ವನ್ನ ನೋಡಿ ಕಣ್ಣೀರು ಹಾಕಿದ್ರು. ಮೂರು ವರ್ಷಕ್ಕ, "ಕೆರಿ ಕಡೆ ಹೋಗಬ್ಯಾಡ್ರಿ, ಅಂವ ಕಾಲು ಹಿಡದು ಎಳೀತಾನ" ಅನ್ನೋದು ಸುರು ಆತು. ಹತ್ತು ವರ್ಷಕ್ಕ ಅವನ ಕೂದಲಾ ಮೊಣಕಾಲತನಾ ಬೆಳದಿತ್ತು, ಪಾದ ಹಿಂದಮುಂದ ಆಗಿದ್ವು. ಹುಡುಗೂರು ಆ ಕತಿ ಹೇಳಕೋತ ಅವರವ್ವನ ಬಾಗಲಾ ದಾಟೇ ಸಾಲಿಗೆ ಹೋಗೋರು. ಅಕಿ ಕಟ್ಟಿ ಮ್ಯಾಲ ಕುಂತು ಜ್ವಾಳಾ ಹಸನ ಮಾಡ್ತಿದ್ಲು, ತಲಿ ಎತ್ತುತಿದ್ದಿಲ್ಲ. ಅವನ ಹೆಸರು ಊರಾಗ ಇನ್ನೂ ಅಂತಿದ್ದಾಕಿ ಅಕಿ ಒಬ್ಬಾಕೀನ.